ದೀಪದ ಬುಡದ ಕತ್ತಲೆ



ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಸಾಮಾನ್ಯವಾಗಿ ಮನುಷ್ಯರ ವಿಚಾರದಲ್ಲಿ ಬಳಸುವುದು ವಾಡಿಕೆ. ಊರಿಗೆಲ್ಲ ಬುದ್ಧಿ ಹೇಳುವವನ ಮನೆಯಲ್ಲೇ ಜಗಳ ನಡೆಯುತ್ತಿದ್ದರೆ ಈ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಆದರೆ ಹಳೆಯ ಕಾರುಗಳ ಮಟ್ಟಿಗೆ ಇದು ಗಾದೆಯಲ್ಲ, ಅಕ್ಷರಶಃ ಸತ್ಯ. ನಲವತ್ತು ಐವತ್ತು ವರ್ಷ ಓಡಿದ ಅಂಬಾಸಡರಿನ ಹಿಂದಿನ ದೀಪ ಮಂಕಾದರೆ ಮಾಲೀಕ ಮೊದಲು ಮಾಡುವ ಕೆಲಸ ಬಲ್ಬು ಬದಲಾಯಿಸುವುದು. ಹೊಸ ಬಲ್ಬು ಎರಡು ದಿನ ಉರಿಯುತ್ತದೆ, ಮೂರನೆಯ ದಿನ ಮತ್ತೆ ಮಂಕಾಗುತ್ತದೆ. ಬಲ್ಬೇ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದದ್ದೂ ಆಗುತ್ತದೆ. ತಪ್ಪು ಬಲ್ಬಿನದಲ್ಲ. ಬಲ್ಬು ಕೂರುವ ಗೂಡಿನದು. ಇಂಗ್ಲಿಷಿನವರು ಸಾಕೆಟ್ ಎಂದೂ, ಗ್ಯಾರೇಜಿನವರು ಹೋಲ್ಡರ್ ಎಂದೂ ಕರೆಯುವ ಆ ಪುಟ್ಟ ಹಿತ್ತಾಳೆಯ ಗೂಡೇ ಇಲ್ಲಿನ ವಿಷಯ.

ಈ ವಿಷಯವನ್ನು ಆಡಲು ಪಾವಗಡ ತಾಲ್ಲೂಕಿನ ತಿರುಮಣಿ ತಕ್ಕ ಊರು. ಮಳೆ ಕಡಿಮೆ, ಬಿಸಿಲು ಧಾರಾಳ ಎಂಬ ಈ ಸೀಮೆಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನಲ್ಲಿ ಸೌರ ವಿದ್ಯುತ್ ಪಾರ್ಕು ಹರಡಿಕೊಂಡಿದೆ. 2018ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಈ ‘ಶಕ್ತಿ ಸ್ಥಳ’ದ ಒಟ್ಟು ಸಾಮರ್ಥ್ಯ 2,050 ಮೆಗಾವಾಟ್. ಜಮೀನನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಇದರ ಇನ್ನೊಂದು ವಿಶೇಷ. ಇಲ್ಲಿನ ಫಲಕಗಳು ಕೊಡುವುದು ನೇರ ವಿದ್ಯುತ್, ಅಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್. ಕಾರಿನ ಬ್ಯಾಟರಿ ಕೊಡುವುದೂ ಅದನ್ನೇ. ಫಲಕದ ಗಾಜು ಹಾಗೆ ಹೀಗೆ ಕೆಡುವುದಿಲ್ಲ. ಕೆಡುವುದು ತಂತಿಗೆ ತಂತಿ ಸೇರುವ ಜಾಗ. ಅಲ್ಲಿ ಬಿಗಿ ತಪ್ಪಿದರೆ ವಿದ್ಯುತ್ತು ಶಾಖವಾಗಿ ಪೋಲಾಗುತ್ತದೆ, ಕೊನೆಗೆ ಆ ಜೋಡಣೆಯೇ ಸುಟ್ಟುಹೋಗುತ್ತದೆ. ಪಾರ್ಕಿನ ತಂತ್ರಜ್ಞರು ಇಂದು ದುಬಾರಿ ಉಪಕರಣ ಹಿಡಿದು ಹುಡುಕುವ ಈ ರೋಗವನ್ನು ಬಸ್ ನಿಲ್ದಾಣದ ಪಕ್ಕದ ಆಟೊ ಎಲೆಕ್ಟ್ರಿಷಿಯನ್ ಒಂದು ತುಂಡು ತಂತಿ, ಒಂದು ಬಲ್ಬು ಹಿಡಿದು ಐವತ್ತು ವರ್ಷಗಳ ಹಿಂದೆಯೇ ಪತ್ತೆ ಮಾಡುತ್ತಿದ್ದ.

ಕಾರ್ಬೈಡಿನಿಂದ ಬಲ್ಬಿಗೆ

ಮೋಟಾರು ಬಂದ ಹೊಸದರಲ್ಲಿ ಅದರ ದೀಪಕ್ಕೆ ವಿದ್ಯುತ್ತಿನ ಸಂಬಂಧವೇ ಇರಲಿಲ್ಲ. ಕುದುರೆ ಗಾಡಿಯ ಎಣ್ಣೆ ದೀಪವೇ ಕಾರಿಗೂ ಬಂತು. ಅದರ ನಂತರ ಬಂದದ್ದು ಅಸಿಟಿಲೀನ್ ದೀಪ. ಕ್ಯಾಲ್ಸಿಯಂ ಕಾರ್ಬೈಡಿನ ಹೆಂಟೆಗಳ ಮೇಲೆ ತೊಟ್ಟು ತೊಟ್ಟಾಗಿ ನೀರು ಬಿಟ್ಟರೆ ಅನಿಲ ಹುಟ್ಟುತ್ತದೆ. ಅದನ್ನು ರಬ್ಬರ್ ಕೊಳವೆಯಲ್ಲಿ ಮುಂದಿನ ದೀಪಕ್ಕೆ ಹಾಯಿಸಿ ಕಡ್ಡಿ ಗೀರಿ ಹೊತ್ತಿಸಬೇಕು. ಬೆಳಕೇನೋ ಚೆನ್ನಾಗಿತ್ತು. ಆದರೆ ಪ್ರಯಾಣ ಮುಗಿದ ಮೇಲೆ ಸುಣ್ಣದ ರಾಡಿಯನ್ನು ತೊಳೆಯುವ ಕೆಲಸ ಚಾಲಕನ ಪಾಲಿಗೆ ಉಳಿಯುತ್ತಿತ್ತು.

ಮೈಸೂರು ಸಂಸ್ಥಾನದಲ್ಲಿ ಇದೊಂದು ವಿಚಿತ್ರ ಕಾಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಅಂದರೆ ಬೀದಿಯ ಕಂಬದ ಮೇಲೆ ವಿದ್ಯುತ್ತು, ಅದರ ಕೆಳಗೆ ಹಾದುಹೋಗುವ ಮೋಟಾರಿನಲ್ಲಿ ಎಣ್ಣೆ ಅಥವಾ ಕಾರ್ಬೈಡು. ಕಾರಿಗೆ ವಿದ್ಯುತ್ತು ಬರಲು ಇನ್ನೂ ಕೆಲವು ವರ್ಷ ಬೇಕಾಯಿತು. ಅಮೆರಿಕದ ಕ್ಯಾಡಿಲಾಕ್ ಕಂಪನಿ 1912ರ ಮಾದರಿಯಲ್ಲಿ ಎಂಜಿನ್ ಚಾಲೂ ಮಾಡಲೂ ದೀಪ ಉರಿಸಲೂ ವಿದ್ಯುತ್ತನ್ನೇ ಬಳಸಿತು. ಮರುವರ್ಷ ಜರ್ಮನಿಯ ಬಾಷ್ ಕಂಪನಿ ದೀಪ, ಡೈನಮೊ, ನಿಯಂತ್ರಕ ಮೂರನ್ನೂ ಒಂದು ವ್ಯವಸ್ಥೆಯಾಗಿ ಮಾರುಕಟ್ಟೆಗೆ ತಂದಿತು. ಬೆಂಗಳೂರಿನವರ ಬಾಯಲ್ಲಿ ‘ಮೈಕೋ’ ಎಂದು ಮನೆಮಾತಾದ ಆಡುಗೋಡಿಯ ಕಾರ್ಖಾನೆ ಮುಂದೆ ಇದೇ ಬಾಷ್ ಬಳಗದಿಂದ ಬಂದದ್ದು.

ವಿದ್ಯುತ್ತಿನ ಜೊತೆಗೆ ಬಂದದ್ದೇ ಬಲ್ಬಿನ ಗೂಡು. ಸದಾ ಕುಲುಕುವ ಕಾರಿನಲ್ಲಿ ತಿರುಪಿನ ಬಲ್ಬು ಸಡಿಲಗೊಂಡು ಬಿದ್ದುಹೋಗುವ ಅಪಾಯವಿದೆ. ಅದರಿಂದ ಒತ್ತಿ ತಿರುಗಿಸುವ ಬಗೆಯನ್ನು ಆರಿಸಿಕೊಂಡರು. ಬಂದೂಕಿನ ತುದಿಗೆ ಬಾಯೊನೆಟ್ ಸಿಕ್ಕಿಸುವ ಕ್ರಮದಿಂದ ಇದಕ್ಕೆ ಆ ಹೆಸರು ಬಂತು. ಬ್ರಿಟಿಷರ ಮೂಲಕ ಇದೇ ಬಗೆ ಭಾರತದ ಮನೆಗಳಿಗೂ ಬಂದಿದೆ. ಮಲ್ಲೇಶ್ವರದ ಬಳಿ 1936ರಲ್ಲಿ ಆರಂಭವಾಗಿ 2003ರಲ್ಲಿ ನಿಂತುಹೋದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬನ್ನು ಮನೆಯ ಹೋಲ್ಡರಿಗೆ ಒತ್ತಿ ತಿರುಗಿಸಿದವರಿಗೆ ಕಾರಿನ ಬಲ್ಬು ಹೊಸದಲ್ಲ. ಮನೆಯ ಬಲ್ಬಿನ ಬುಡ 22 ಮಿಲಿಮೀಟರ್ ಅಗಲ, ಕಾರಿನದು 15. ಅಷ್ಟೇ ವ್ಯತ್ಯಾಸ, ಅಣ್ಣ ತಮ್ಮಂದಿರಂತೆ.

ಗೂಡಿನ ಒಳಗೆ

ಈ ಗೂಡನ್ನು ಬಿಚ್ಚಿ ನೋಡಿದರೆ ನಾಲ್ಕೇ ಭಾಗ. ಹೊರಗೆ ಹಿತ್ತಾಳೆಯ ಅಥವಾ ಲೇಪ ಹಾಕಿದ ಉಕ್ಕಿನ ಕೊಳವೆ, ಅದರಲ್ಲಿ ಬಲ್ಬಿನ ಎರಡು ಕಿವಿಗಳು ಇಳಿಯಲು ಕೊಕ್ಕೆಯಾಕಾರದ ಸೀಳು. ಒಳಗೆ ಒಂದು ಪುಟ್ಟ ಸ್ಪ್ರಿಂಗು. ಅದರ ಮೇಲೆ ಒತ್ತು ಕಾಗದದ ಅಥವಾ ಬೇಕಲೈಟಿನ ಒಂದು ಬಿಲ್ಲೆ. ಬಿಲ್ಲೆಯ ನಡುವೆ ತಂತಿಯ ತುದಿಗೆ ಬೆಸೆದ ಲೋಹದ ಬಿಂದು. ಬಲ್ಬಿನ ಬುಡದಲ್ಲಿರುವ ಸೀಸದ ಮೊಟ್ಟೆಗೆ ಈ ಬಿಂದು ತಾಗಬೇಕು, ತಾಗಿಯೇ ಇರಬೇಕು. ಹಾಗೆ ಇರುವಂತೆ ನೋಡಿಕೊಳ್ಳುವುದು ಸ್ಪ್ರಿಂಗಿನ ಕೆಲಸ.

ಹಿಂದಿನ ದೀಪದಲ್ಲಿ ಒಂದೇ ಬಲ್ಬಿಗೆ ಎರಡು ತಂತು. 5 ವಾಟಿನದು ರಾತ್ರಿಯ ಕೆಂಪು ದೀಪಕ್ಕೆ, 21 ವಾಟಿನದು ಬ್ರೇಕಿಗೆ. ಇದನ್ನು ತಿರುವುಮುರುವಾಗಿ ಹಾಕಿದರೆ ಬ್ರೇಕಿನ ಬೆಳಕು ಸದಾ ಉರಿಯುತ್ತದೆ, ಬ್ರೇಕ್ ಒತ್ತಿದಾಗ ಮಿಣುಕುತ್ತದೆ. ಹಾಗಾಗಬಾರದೆಂದೇ ಬಲ್ಬಿನ ಎರಡು ಕಿವಿಗಳನ್ನು ಒಂದು ಮೇಲೆ, ಒಂದು ಕೆಳಗೆ ಇಟ್ಟಿದ್ದಾರೆ. ಒಂದೇ ರೀತಿಯಲ್ಲಿ ಮಾತ್ರ ಅದು ಗೂಡಿಗೆ ಇಳಿಯುತ್ತದೆ. ಹೋಗದ ಬಲ್ಬನ್ನು ಇಕ್ಕಳದಿಂದ ಒತ್ತಿ ಕೂರಿಸುವವರು ಈ ಜಾಣತನವನ್ನೇ ಮುರಿದುಹಾಕುತ್ತಾರೆ.

ಗೂಡು ಸವೆಯುವುದು ಹೇಗೆ? ಮಳೆಗಾಲದ ನೀರು ಗಟ್ಟಿಯಾದ ರಬ್ಬರ್ ವಾಷರಿನ ಸಂದಿಯಿಂದ ಒಳಗೆ ಇಳಿಯುತ್ತದೆ. ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ, ಉಕ್ಕು ತುಕ್ಕು ತಿನ್ನುತ್ತದೆ. ಕಿಲುಬು ವಿದ್ಯುತ್ತಿಗೆ ಅಡ್ಡಿ. ಅಡ್ಡಿ ಇದ್ದಲ್ಲಿ ಶಾಖ. ಶಾಖಕ್ಕೆ ಸ್ಪ್ರಿಂಗು ತನ್ನ ಬಿಗಿ ಕಳೆದುಕೊಳ್ಳುತ್ತದೆ. ಬಿಗಿ ಸಡಿಲಾದರೆ ಕಿಡಿ, ಕಿಡಿಯಿಂದ ಬಿಂದುವಿನಲ್ಲಿ ಗುಳಿ, ಗುಳಿಯಿಂದ ಇನ್ನಷ್ಟು ಅಡ್ಡಿ. ಒಂದು ಕೇಡು ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ.

ಲೆಕ್ಕ ಹಾಕಿದರೆ ಇದರ ತೂಕ ತಿಳಿಯುತ್ತದೆ. 12 ವೋಲ್ಟಿನ ಕಾರಿನಲ್ಲಿ 21 ವಾಟಿನ ಬಲ್ಬು ಎಳೆಯುವ ವಿದ್ಯುತ್ತು 1.75 ಆಂಪಿಯರ್. ಉರಿಯುವಾಗ ಅದರ ತಂತುವಿನ ರೋಧ ಸುಮಾರು 7 ಓಮ್. ಗೂಡಿನಲ್ಲಿ ಕೇವಲ ಅರ್ಧ ಓಮಿನಷ್ಟು ಕಿಲುಬು ಸೇರಿದರೂ ಬಲ್ಬಿಗೆ ತಲುಪುವುದು 11 ವೋಲ್ಟಿಗಿಂತ ತುಸು ಹೆಚ್ಚು ಮಾತ್ರ. ವೋಲ್ಟು ಇಳಿದ ಪ್ರಮಾಣದಲ್ಲೇ ಬೆಳಕು ಇಳಿಯುವುದಿಲ್ಲ, ಅದಕ್ಕಿಂತ ಮೂರು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಇಳಿಯುತ್ತದೆ. ಹೀಗಾಗಿ ಬೆಳಕಿನ ಐದನೆಯ ಒಂದು ಪಾಲು ಹೋಯಿತು. ಇದೇ ಅರ್ಧ ಓಮ್ 6 ವೋಲ್ಟಿನ ವಾಹನದಲ್ಲಿದ್ದರೆ ಉಳಿಯುವುದು ಅರ್ಧಕ್ಕಿಂತಲೂ ಕಡಿಮೆ ಬೆಳಕು. ಏಕೆಂದರೆ ಅಷ್ಟೇ ವಾಟಿಗೆ ಅಲ್ಲಿ ಎರಡರಷ್ಟು ವಿದ್ಯುತ್ತು ಹರಿಯಬೇಕು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಬೈಕುಗಳಲ್ಲಿ ಹಳೆಯವು 6 ವೋಲ್ಟಿನವು. ಜಾವಾ ದೀಪ ಅಂದರೆ ಮಿಣುಕು ಹುಳ ಎಂದು ಗೇಲಿ ಮಾಡುವವರು ಮೊದಲು ಅದರ ಗೂಡನ್ನು ಉಜ್ಜಿ ನೋಡಬೇಕು.

ಹಿಂತಿರುಗುವ ದಾರಿ

ವಿದ್ಯುತ್ತಿಗೆ ಹೋಗುವ ದಾರಿ ಇದ್ದರೆ ಸಾಲದು, ಮರಳಿ ಬರುವ ದಾರಿಯೂ ಬೇಕು. ಮನೆಯಲ್ಲಿ ಅದಕ್ಕೆ ಇನ್ನೊಂದು ತಂತಿ ಇದೆ. ಕಾರಿನಲ್ಲಿ ಕಾರಿನ ಮೈಯೇ ಆ ತಂತಿ. ಬಲ್ಬಿನಿಂದ ಗೂಡಿನ ಕೊಳವೆಗೆ, ಅಲ್ಲಿಂದ ದೀಪದ ತಗಡಿಗೆ, ತಗಡಿನಿಂದ ತಿರುಪಿನ ಮೂಲಕ ಮಡ್‌ಗಾರ್ಡಿಗೆ, ಕೊನೆಗೆ ಬ್ಯಾಟರಿಗೆ. ಇದಕ್ಕೆ ಅರ್ಥ್ ಎಂದು ಹೆಸರು. ಹಳೆಯ ಕಾರನ್ನು ಬಿಚ್ಚಿ ಹೊಸದಾಗಿ ಬಣ್ಣ ಹೊಡೆಸಿದ ಮೇಲೆ ದೀಪಗಳು ಉರಿಯದಿರುವುದಕ್ಕೆ ಕಾರಣ ಇದೇ. ಬಣ್ಣ ಚೆಂದವಾಯಿತು, ಆದರೆ ತಿರುಪಿನ ಕೆಳಗೆ ವಿದ್ಯುತ್ತಿನ ದಾರಿ ಮುಚ್ಚಿಹೋಯಿತು.

ಮರಳುವ ದಾರಿ ಮುಚ್ಚಿದಾಗ ವಿದ್ಯುತ್ತು ಸುಮ್ಮನಿರುವುದಿಲ್ಲ, ಅಡ್ಡದಾರಿ ಹುಡುಕುತ್ತದೆ. ಇಂಡಿಕೇಟರ್ ಹಾಕಿದರೆ ಹಿಂದಿನ ಕೆಂಪು ದೀಪವೂ ತಾಳಕ್ಕೆ ಸರಿಯಾಗಿ ಮಿಣುಕುವುದು, ಬ್ರೇಕ್ ಒತ್ತಿದರೆ ಇಂಡಿಕೇಟರಿನ ಹಳದಿ ಬೆಳಕು ಮೂಡುವುದು, ಹೀಗೆ ಭೂತಚೇಷ್ಟೆಯಂತೆ ಕಾಣುವುದೆಲ್ಲ ಇದರ ಲಕ್ಷಣ. ಒಂದು ತಂತುವಿನ ವಿದ್ಯುತ್ತು ಇನ್ನೊಂದು ತಂತುವಿನ ಮೂಲಕ ಹಿಂತಿರುಗುತ್ತಿರುತ್ತದೆ. ಇದಕ್ಕೆ ಬಲ್ಬು ಬದಲಿಸಿ ಪ್ರಯೋಜನವಿಲ್ಲ. ಗೂಡಿನಿಂದ ಕಾರಿನ ಚಾಸಿಗೆ ಒಂದು ಪ್ರತ್ಯೇಕ ಕಪ್ಪು ತಂತಿ ಎಳೆದರೆ ಭೂತ ಅಂದೇ ಬಿಟ್ಟುಹೋಗುತ್ತದೆ.

ತಂತಿಯ ಬಣ್ಣಕ್ಕೂ ಅರ್ಥವಿದೆ. ಬ್ರಿಟನ್ನಿನ ಲೂಕಾಸ್ ಪದ್ಧತಿ ಅಲ್ಲಿನ ಮಾದರಿಯ ಕಾರುಗಳ ಜೊತೆ ಭಾರತಕ್ಕೂ ಬಂತು. ಆ ಪದ್ಧತಿಯಲ್ಲಿ ಕಪ್ಪು ಅಂದರೆ ಅರ್ಥ್, ಕಂದು ಅಂದರೆ ಬ್ಯಾಟರಿಯಿಂದ ನೇರ ಬಂದದ್ದು, ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ದೀಪಕ್ಕೆ, ನೀಲಿ ಹೆಡ್‌ಲೈಟಿಗೆ, ಹಸಿರಿನ ಮೇಲೆ ಕೆಂಪು ಗೆರೆ ಎಡ ಇಂಡಿಕೇಟರಿಗೆ, ಹಸಿರಿನ ಮೇಲೆ ಬಿಳಿ ಗೆರೆ ಬಲಕ್ಕೆ. ಕೈಗೆ ಸಿಕ್ಕಿದ ಬಣ್ಣದ ತಂತಿಯನ್ನು ಜೋಡಿಸಿ ಕೆಲಸ ಮುಗಿಸಿದವನು ತನ್ನ ನಂತರ ಬರುವ ರಿಪೇರಿಯವನ ಕಣ್ಣು ಕಟ್ಟಿದಂತೆ.

ದುರಸ್ತಿಯ ಕ್ರಮ

ಮೊದಲ ಕೆಲಸ ಬ್ಯಾಟರಿಯ ಅರ್ಥ್ ತಂತಿಯನ್ನು ಬಿಚ್ಚುವುದು. 1950ರ ದಶಕದ ಹಲವು ಬ್ರಿಟಿಷ್ ಕಾರುಗಳಲ್ಲಿ ಇಡೀ ಕಾರಿಗೆ ಎರಡೇ ಫ್ಯೂಸು, ಹೆಡ್‌ಲೈಟಿಗೆ ಅದೂ ಇಲ್ಲ. ತಂತಿ ತಪ್ಪಿ ಮೈಗೆ ತಾಗಿದರೆ ಹೊಗೆ ಬರುವುದು ಖಚಿತ. ಆಮೇಲೆ ಬಲ್ಬನ್ನು ಒತ್ತಿ ತಿರುಗಿಸಿ ತೆಗೆಯಬೇಕು. ಹಿಡಿದುಕೊಂಡಿದ್ದರೆ ಬಲ ಪ್ರಯೋಗಿಸದೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡಿರಬೇಕು.

ಕಿಲುಬು ಮೇಲುಮೇಲಿನದಾದರೆ ಕಡ್ಡಿಗೆ ಸುತ್ತಿದ ನುಣುಪಾದ ಉಜ್ಜು ಕಾಗದದಿಂದ ಗೂಡಿನ ಒಳಮೈಯನ್ನೂ ಬಿಂದುವನ್ನೂ ಹೊಳೆಯುವಂತೆ ಮಾಡಿದರೆ ಸಾಕು. ಸ್ಪ್ರಿಂಗು ಸತ್ತಿದ್ದರೆ, ಬಿಲ್ಲೆ ಕರಿದಿದ್ದರೆ, ಕೊಳವೆಯ ಸೀಳು ಅಗಲವಾಗಿದ್ದರೆ ಉಜ್ಜುವುದು ವ್ಯರ್ಥ. ಸ್ಪ್ರಿಂಗು ಮತ್ತು ಬಿಲ್ಲೆ ಮಾತ್ರ ಬಿಡಿಯಾಗಿ ಸಿಕ್ಕರೆ ಹಳೆಯ ಕೊಳವೆಯಲ್ಲೇ ಹೊಸದನ್ನು ಕೂರಿಸಬಹುದು. ಇಲ್ಲವಾದರೆ ಅದೇ ಅಳತೆಯ ಹೊಸ ಗೂಡನ್ನು ಹಳೆಯ ದೀಪದ ತಗಡಿಗೆ ಮಡಚಿ ಹಿಡಿಸಬೇಕು. ಇಲ್ಲಿ ನೋಡಬೇಕಾದ ವಿಷಯ ಎರಡು. ಸೀಳಿನ ದಿಕ್ಕು ಮೊದಲಿನಂತೆಯೇ ಇರಬೇಕು. ಬಲ್ಬಿನ ತಂತು ಪ್ರತಿಫಲಕದಿಂದ ಮೊದಲಿದ್ದ ದೂರದಲ್ಲೇ ನಿಲ್ಲಬೇಕು. ಕೆಲವೇ ಮಿಲಿಮೀಟರ್ ಹಿಂದೆ ಮುಂದೆ ಆದರೂ ಬೆಳಕು ಚೆದುರಿಹೋಗುತ್ತದೆ.

ತಂತಿಯನ್ನು ಹೆಣೆದು ಟೇಪು ಸುತ್ತುವುದು ದುರಸ್ತಿಯಲ್ಲ, ಮುಂದಿನ ರಿಪೇರಿಗೆ ಮುಂಗಡ. ಬೆಸುಗೆ ಹಾಕಬೇಕು ಅಥವಾ ಸರಿಯಾದ ತುದಿ ಒತ್ತಿಸಬೇಕು. ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ ನೀರನ್ನು ದೂರವಿಡುತ್ತದೆ. ಕೊನೆಗೆ ರಬ್ಬರ್ ವಾಷರನ್ನು ಹೊಸದು ಮಾಡಬೇಕು. ಐದಾರು ರೂಪಾಯಿಯ ಆ ವಸ್ತುವನ್ನು ಮರೆತರೆ ಉಳಿದೆಲ್ಲ ಶ್ರಮವೂ ಒಂದು ಮಳೆಗಾಲಕ್ಕೆ ಮುಗಿಯುತ್ತದೆ. ಪ್ರತಿಫಲಕದ ಬೆಳ್ಳಿ ಮೈಯನ್ನು ಮಾತ್ರ ಬಟ್ಟೆಯಿಂದ ಉಜ್ಜಬಾರದು, ಉಜ್ಜಿದಷ್ಟೂ ಅದು ಹೋಗುತ್ತದೆ.

ಬಲ್ಬು ಯಾವುದು?

ಹೆಚ್ಚು ಬೆಳಕಿನ ಆಸೆಗೆ ಹೆಚ್ಚು ವಾಟಿನ ಬಲ್ಬು ಹಾಕುವುದು ಎಲ್ಲರೂ ಮಾಡುವ ತಪ್ಪು. ಹಳೆಯ ಹೆಡ್‌ಲೈಟ್ ಬಲ್ಬು 45 ಮತ್ತು 40 ವಾಟಿನದು. ಎರಡು ದೀಪಕ್ಕೆ 90 ವಾಟು, ಅಂದರೆ ಏಳೂವರೆ ಆಂಪಿಯರ್. ಅಲ್ಲಿ 100 ವಾಟಿನ ಜೋಡಿ ಹಾಕಿದರೆ ಅದೇ ಸ್ವಿಚ್ಚಿನ ಮೂಲಕ 16 ಆಂಪಿಯರಿಗೂ ಹೆಚ್ಚು ಹರಿಯಬೇಕು. ಸ್ವಿಚ್ಚು ಕರಗುತ್ತದೆ, ಎದುರು ಬರುವವನ ಕಣ್ಣು ಕೋರೈಸುತ್ತದೆ. ಹೆಡ್‌ಲೈಟ್ ಮಂಕು ಎನಿಸಿದರೆ ಮೊದಲು ಬ್ಯಾಟರಿಯಿಂದ ಬಲ್ಬಿನವರೆಗೆ ಎಲ್ಲಿ ವೋಲ್ಟು ಸೋರುತ್ತಿದೆ ಎಂದು ಅಳೆಯಬೇಕು. ಸ್ವಿಚ್ಚಿನ ಹೊರೆ ಇಳಿಸಲು ಒಂದು ರಿಲೇ ಕೂರಿಸಿದರೆ ಹಳೆಯ ಬಲ್ಬೇ ಹೊಸದರಂತೆ ಬೆಳಗುವುದುಂಟು.

ಈಗ ಎಲ್‌ಇಡಿಯ ಕಾಲ. ಹಳೆಯ ಗೂಡಿಗೇ ಹೊಂದುವ ಎಲ್‌ಇಡಿ ಬಲ್ಬುಗಳು ಸಿಗುತ್ತವೆ. ಅವು ವಿದ್ಯುತ್ತು ಕಡಿಮೆ ತಿನ್ನುತ್ತವೆ, ಡೈನಮೊ ಇರುವ ಕಾರಿಗೆ ಅದೊಂದು ಉಪಕಾರವೇ. ಆದರೆ ಮೂರು ಎಚ್ಚರಿಕೆ ಬೇಕು. ಒಂದನೆಯದು, 1960ರ ದಶಕದ ಮಧ್ಯದವರೆಗಿನ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಮೈಗೆ ಕೂಡಿಸಿದ್ದು ಬ್ಯಾಟರಿಯ ಧನ ತುದಿ. ತಂತುವಿನ ಬಲ್ಬಿಗೆ ಧನ ಋಣಗಳ ಭೇದವಿಲ್ಲ, ಸಾಮಾನ್ಯ ಎಲ್‌ಇಡಿಗೆ ಇದೆ. ಅಂಥ ಕಾರಿನಲ್ಲಿ ಅದು ಉರಿಯುವುದೇ ಇಲ್ಲ. ಎರಡನೆಯದು, ಹಳೆಯ ಫ್ಲ್ಯಾಷರ್ ಕೆಲಸ ಮಾಡುವುದು ಬಲ್ಬು ಎಳೆಯುವ ವಿದ್ಯುತ್ತಿನ ಶಾಖದಿಂದ. ಎಲ್‌ಇಡಿ ಅಷ್ಟು ಎಳೆಯದ ಕಾರಣ ಇಂಡಿಕೇಟರಿನ ತಾಳ ತಪ್ಪುತ್ತದೆ. ಮೂರನೆಯದು, ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಬೆಳಕು ತೆಳುವಾಗಿ ಬೇರೆ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಸರಿ.

ಉಳಿಸಬೇಕಾದದ್ದು

ಒಂದು ಬಲ್ಬಿನ ಗೂಡಿಗೆ ಇಷ್ಟು ಮಾತೇಕೆ ಎಂದು ಕೇಳಬಹುದು. ಉತ್ತರ ರಾತ್ರಿಯ ರಸ್ತೆಯಲ್ಲಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು. ನಂಬರ್ ಪ್ಲೇಟು 15 ಮೀಟರಿನಿಂದ ಓದುವಂತಿರಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ 155 ಮೀಟರ್ ಕ್ರಮಿಸಲು ಏಳು ಸೆಕೆಂಡು. ಶಿರಾದ ಬಳಿ ಹೆದ್ದಾರಿಯಲ್ಲಿ ನಿಂತ ಹಳೆಯ ಕಾರಿನ ದೀಪ 50 ಮೀಟರಿಗೆ ಮಾತ್ರ ಕಂಡರೆ ಹಿಂದಿನ ಲಾರಿಯವನಿಗೆ ಸಿಗುವುದು ಎರಡು ಸೆಕೆಂಡು ಚಿಲ್ಲರೆ. ಅದರಲ್ಲಿ ಒಂದು ಸೆಕೆಂಡು ಕಣ್ಣಿನಿಂದ ಕಾಲಿಗೆ ಸುದ್ದಿ ಮುಟ್ಟುವುದರಲ್ಲೇ ಕಳೆದುಹೋಗುತ್ತದೆ. ಅರ್ಧ ಓಮ್ ಕಿಲುಬು ಒಂದು ಸಂಸಾರದ ಪ್ರಶ್ನೆಯಾಗುವುದು ಹೀಗೆ.

ಇನ್ನೊಂದು ಉತ್ತರ ವಿದ್ಯೆಗೆ ಸಂಬಂಧಿಸಿದ್ದು. ಪ್ರೀಮಿಯರ್ ಪದ್ಮಿನಿ ಈ ಶತಮಾನದ ಆರಂಭದಲ್ಲೇ ನಿಂತಿತು, ಅಂಬಾಸಡರ್ 2014ರಲ್ಲಿ ನಿಂತಿತು. 50 ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಂಟೇಜ್’ ಎಂಬ ಮಾನ್ಯತೆ, ‘ವಿಎ’ ಅಕ್ಷರದ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಧರ್ಮಸ್ಥಳದ ಕಾರು ಸಂಗ್ರಹವನ್ನೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ವನ್ನೂ ನೋಡಲು ಜನ ಹೋಗುತ್ತಾರೆ. ವಾಹನಗಳಿಗೆ ಮನ್ನಣೆ ಸಿಕ್ಕಿತು, ಒಳ್ಳೆಯದು. ಅವುಗಳ ತಂತಿಯ ಬಣ್ಣ ಓದಬಲ್ಲ, ಸತ್ತ ಸ್ಪ್ರಿಂಗನ್ನು ಬೆರಳಿನಲ್ಲೇ ಗುರುತಿಸಬಲ್ಲ ಕೈಗಳಿಗೆ ಯಾವ ಮ್ಯೂಸಿಯಮ್ಮೂ ಇಲ್ಲ. ಹೊಸ ಕಾರಿನ ದೀಪ ಬಹುಮಟ್ಟಿಗೆ ಮುಚ್ಚಿದ ಡಬ್ಬಿ. ಕೆಟ್ಟರೆ ಇಡಿಯಾಗಿ ತೆಗೆದೆಸೆದು ಸಾವಿರಾರು ರೂಪಾಯಿಯ ಇನ್ನೊಂದನ್ನು ಹಾಕಬೇಕು. ಅಲ್ಲಿ ರಿಪೇರಿಯವನ ಬುದ್ಧಿಗೆ ಕೆಲಸವಿಲ್ಲ.

ಆ ಬುದ್ಧಿಯನ್ನು ಕಲಿಯಲು ದೊಡ್ಡ ಶಾಲೆ ಬೇಡ. ಒಂದು ಹಳೆಯ ಹಿಂದಿನ ದೀಪ, ಒಂದು ಬ್ಯಾಟರಿ, ಒಂದು ಮೀಟರು ಇದ್ದರೆ ಐಟಿಐ ಹುಡುಗನೊಬ್ಬ ಒಂದು ಮಧ್ಯಾಹ್ನದಲ್ಲಿ ವೋಲ್ಟು ಸೋರುವುದೆಂದರೇನು ಎಂಬುದನ್ನು ಜನ್ಮದಲ್ಲಿ ಮರೆಯದಂತೆ ಕಲಿಯುತ್ತಾನೆ. ಕಲಿತವನು ಕಾರಿನಲ್ಲಿ ಅದನ್ನು ಹುಡುಕಬಲ್ಲ, ಬೋರ್‌ವೆಲ್ಲಿನ ಸ್ಟಾರ್ಟರಿನಲ್ಲಿ ಹುಡುಕಬಲ್ಲ, ತಿರುಮಣಿಯ ಸಾವಿರಾರು ಫಲಕಗಳ ನಡುವೆಯೂ ಹುಡುಕಬಲ್ಲ. ಹಳ್ಳಿಯ ಮನೆಗಳಲ್ಲಿ ಗೋಡೆಯ ಗೂಡಿನಲ್ಲಿ ಹಣತೆ ಇಡುತ್ತಿದ್ದ ಹೆಂಗಸರು ದೀಪ ಹಚ್ಚುವ ಮೊದಲು ಗೂಡಿನ ಮಸಿ ಒರೆಸುತ್ತಿದ್ದರು. ಹಳೆಯ ಕಾರು ಇಟ್ಟುಕೊಂಡವರು ಮಾಡಬೇಕಾದದ್ದೂ ಅಷ್ಟೇ. ಬಲ್ಬನ್ನು ಅನುಮಾನಿಸುವ ಮೊದಲು ಗೂಡನ್ನು ನೋಡಬೇಕು.